ಒಂಬತ್ತು ಮಂದಿ, ಒಂದು ಕೋರ್ಸ್: ಕೊನೆಯ ಸಹಿ ಯಾರದು?

ಪದವಿ ಎರಡನೇ ವರ್ಷದವರಿಗೆ ಸಂಖ್ಯಾಶಾಸ್ತ್ರದ ಪರಿಚಯ ಕೋರ್ಸ್. 12 ವಾರ, 12 ಘಟಕ. ತರಗತಿಯಲ್ಲಿ ವರ್ಷಗಟ್ಟಲೆ ನಡೆದುಕೊಂಡು ಬಂದ ಪಾಠವನ್ನು ಆನ್‌ಲೈನಿನಲ್ಲಿ ಕಲಿಯುವ ಹಾಗೆ ಹೊಸದಾಗಿ ಕಟ್ಟಬೇಕಿತ್ತು. ಅದಕ್ಕೆ ಕೊಟ್ಟದ್ದು 24 ವಾರ ಮತ್ತು ಒಂಬತ್ತು ಜನ. ಒಂಬತ್ತನೇ ವಾರದ ಕೊನೆಗೆ ಐದು ಘಟಕ ಮುಗಿದಿರಬೇಕಿತ್ತು, ಮುಗಿದದ್ದು ಒಂದು. ಉಳಿದ ನಾಲ್ಕು ‘ಹೆಚ್ಚುಕಡಿಮೆ ಆಗಿದೆ’ ಅನ್ನುವ ಸ್ಥಿತಿಯಲ್ಲಿದ್ದವು. ಯಾರೂ ಕೈಕಟ್ಟಿ ಕೂತಿರಲಿಲ್ಲ. ಹಾಜರಿ ನೋಡಿದರೆ ಎಲ್ಲರೂ ಕೊಟ್ಟ ಗಂಟೆಗಿಂತ ಹೆಚ್ಚೇ ದುಡಿದಿದ್ದರು.

ಇದು ಯಾವುದೋ ಒಂದು ವಿಶ್ವವಿದ್ಯಾಲಯದ ಕಡತದಿಂದ ತೆಗೆದದ್ದಲ್ಲ. ಕೋರ್ಸ್ ಕಟ್ಟುವ ತಂಡಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಕೋರ್ಸಿನ ಮೇಲೆ ಜೋಡಿಸಿ ಬರೆದ ಪ್ರಕರಣ. ಗಂಟೆ, ಪುಟ, ವಾರಗಳ ಲೆಕ್ಕವೂ ಈ ಪ್ರಕರಣದ್ದೇ.

ತಂಡದಲ್ಲಿ ಯಾರಿದ್ದರು

ಇಬ್ಬರು ವಿಷಯ ತಜ್ಞರು: ಹಿರಿಯ ಪ್ರಾಧ್ಯಾಪಕಿಯೊಬ್ಬರು, ಅವರಿಗಿಂತ ಕಿರಿಯ ಅಧ್ಯಾಪಕರೊಬ್ಬರು. ಅವರ ಜೊತೆಗೆ ಬೋಧನಾ ವಿನ್ಯಾಸಕಿ, ವೇಳಾಪಟ್ಟಿ ನೋಡಿಕೊಳ್ಳುವ ಸಂಯೋಜಕರು, ವಿಡಿಯೊ ಮಾಡುವವರು, ಎಲ್‌ಎಂಎಸ್ (ಪಾಠ, ಪ್ರಶ್ನೆಗಳನ್ನು ಆನ್‌ಲೈನಿನಲ್ಲಿ ಇಡುವ ತಂತ್ರಾಂಶ) ನಿರ್ವಾಹಕರು, ಕಾಪಿರೈಟ್ ನೋಡುವ ಗ್ರಂಥಪಾಲಕಿ, ಭಾಷಾ ಸಂಪಾದಕರು, ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಪಾಠ ದಕ್ಕುತ್ತದೆಯೇ ಎಂದು ಪರೀಕ್ಷಿಸುವ ಪ್ರವೇಶಸಾಧ್ಯತಾ ಪರಿಶೀಲಕರು. ವಿಭಾಗದ ಮುಖ್ಯಸ್ಥರು ಕಾಗದದ ಮೇಲೆ ‘ಮಾರ್ಗದರ್ಶಕರು’.

ಹೆಸರುಗಳ ಪಟ್ಟಿ ಪರಿಪೂರ್ಣವಾಗಿಯೇ ಇತ್ತು. ಇಷ್ಟು ಜನ ಸೇರಿ ಕೋರ್ಸ್ ಬರೆಯುವುದು ಹೊಸ ಪದ್ಧತಿಯೂ ಅಲ್ಲ. 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಶುರುಮಾಡಿದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಮೊದಲಿನಿಂದಲೂ ಕೋರ್ಸನ್ನು ಒಬ್ಬರ ಕೈಗೆ ಕೊಡದೆ ಒಂದು ತಂಡಕ್ಕೆ ಒಪ್ಪಿಸುತ್ತ ಬಂತು. ಆದರೆ ತಂಡ ಎಂದಾಕ್ಷಣ ‘ಎಲ್ಲರೂ ಎಲ್ಲವನ್ನೂ ನೋಡುತ್ತಾರೆ’ ಎಂದು ತಿಳಿದುಬಿಟ್ಟರೆ ಕೆಲಸ ಅಲ್ಲೇ ಕೆಡುತ್ತದೆ. ಇಲ್ಲಿ ಕೆಟ್ಟದ್ದೂ ಹಾಗೆಯೇ. ಯಾರು ಏನು ಮಾಡಬೇಕು ಎಂಬುದು ಬರೆದಿತ್ತು. ಯಾವುದಕ್ಕೆ ಯಾರ ಮಾತು ಕೊನೆಯದು ಎಂಬುದು ಎಲ್ಲೂ ಇರಲಿಲ್ಲ.

ಪಟ್ಟಿಯಲ್ಲಿ ಬಿಟ್ಟುಹೋದವರೂ ಇದ್ದರು: ಟ್ಯೂಟರುಗಳು. ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬುದು ಉತ್ತರಪತ್ರಿಕೆ ತಿದ್ದುವವರಿಗೆ ಗೊತ್ತಿರುವಷ್ಟು ಉಪನ್ಯಾಸ ಕೊಡುವವರಿಗೆ ಗೊತ್ತಿರುವುದಿಲ್ಲ. ಅವರನ್ನು ಕೋರ್ಸ್ ಸಿದ್ಧವಾದ ಮೇಲೆ ಕರೆಯುವುದು ಹಲವೆಡೆಯ ರೂಢಿ. ಕೆಟ್ಟ ರೂಢಿ.

ಮೊದಲ ದಿನವೇ ಕಾಣಬೇಕಿದ್ದ ಲೆಕ್ಕ

ಒಂದು ಘಟಕಕ್ಕೆ ತಜ್ಞರ ಕಡೆಯಿಂದ ಬೇಕಾದ ಸಮಯ ಹೀಗಿತ್ತು: ಕರಡು ಬರೆಯಲು 20 ಗಂಟೆ, ವಿಡಿಯೊ ಸ್ಕ್ರಿಪ್ಟ್ ನೋಡಲು 4, ರೆಕಾರ್ಡಿಂಗಿಗೆ 3, ಪ್ರಶ್ನೆಗಳಿಗೆ 6, ಎಲ್‌ಎಂಎಸ್‌ನಲ್ಲಿ ಕಟ್ಟಿದ ಪುಟವನ್ನು ಓದಿ ತಿದ್ದಲು 3. ಒಟ್ಟು 36. ಹನ್ನೆರಡು ಘಟಕಕ್ಕೆ 432 ಗಂಟೆ.

ಇಬ್ಬರು ತಜ್ಞರಿಗೂ ವಾರಕ್ಕೊಂದು ದಿನ, ಅಂದರೆ 8 ಗಂಟೆ, ಬಿಡುವು ಮಂಜೂರಾಗಿತ್ತು. 2 ಜನ, 8 ಗಂಟೆ, 24 ವಾರ: 384 ಗಂಟೆ. ಯಾರೂ ರಜೆ ಹಾಕದೆ, ಒಂದು ಸಾಲನ್ನೂ ಎರಡನೇ ಸಲ ಬರೆಯದೆ ನಡೆದರೂ 48 ಗಂಟೆ ಕೊರತೆ. ಕಾಗದ ಪೆನ್ಸಿಲ್ಲಿನಲ್ಲಿ ಐದು ನಿಮಿಷದ ಲೆಕ್ಕ ಇದು, ಯಾರೂ ಮಾಡಿರಲಿಲ್ಲ. ಸಂಯೋಜಕರು ಎಲ್ಲರ ಗಡುವನ್ನೂ ಬಣ್ಣಬಣ್ಣದ ಪಟ್ಟಿಗಳಲ್ಲಿ ಜೋಡಿಸಿದ್ದರು. ಆದರೆ ಪಟ್ಟಿಯ ಉದ್ದ ವಾರಗಳನ್ನು ತೋರಿಸುತ್ತದೆಯೇ ಹೊರತು ಒಳಗೆ ಎಷ್ಟು ಗಂಟೆ ಇದೆ ಎಂಬುದನ್ನಲ್ಲ. ಕೋರ್ಸ್ ತಂಡದಲ್ಲಿ ಬೇರೆ ಯಾರ ಸಮಯ ಹೆಚ್ಚಿದ್ದರೂ ತಜ್ಞರ ಗಂಟೆ ಮುಗಿದಲ್ಲಿಗೆ ಕೆಲಸ ನಿಲ್ಲುತ್ತದೆ. ಹಾಗಾಗಿ ವೇಳಾಪಟ್ಟಿಯನ್ನು ಅಲ್ಲಿಂದಲೇ ಶುರುಮಾಡಬೇಕು.

ಐದರಿಂದಲೋ, ನಾಲ್ಕರಿಂದಲೋ?

ಕೆಲಸ ನಿಂತ ಜಾಗ ಎರಡನೇ ಘಟಕ, ಮಾನಕ ವಿಚಲನೆ: ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ದತ್ತಾಂಶ ಐದೇ ಸಂಖ್ಯೆಗಳದ್ದು: 4, 8, 6, 5, 7. ಸರಾಸರಿ 6. ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ 10. ಇದನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.41, 4ರಿಂದ ಭಾಗಿಸಿದರೆ 1.58. ಎರಡೂ ಸರಿಯಾದ ಲೆಕ್ಕಗಳೇ. ಇಡೀ ಸಮಷ್ಟಿ, ಅಂದರೆ ನಾವು ತಿಳಿಯಬೇಕೆಂದಿರುವ ಇಡೀ ಗುಂಪು, ಕೈಯಲ್ಲಿದ್ದರೆ ಎಷ್ಟು ಸಂಖ್ಯೆಗಳಿವೆಯೋ ಅಷ್ಟರಿಂದ ಭಾಗಿಸುತ್ತಾರೆ. ಕೈಯಲ್ಲಿರುವುದು ಅದರಿಂದ ಆರಿಸಿದ ಒಂದು ಭಾಗ, ಅಂದರೆ ಸ್ಯಾಂಪಲ್ ಆಗಿದ್ದು, ಅದರಿಂದ ಸಮಷ್ಟಿಯನ್ನು ಅಂದಾಜು ಮಾಡಬೇಕಾದರೆ ಒಂದು ಕಡಿಮೆ ಮಾಡಿ ಭಾಗಿಸುತ್ತಾರೆ.

ಪ್ರಾಧ್ಯಾಪಕಿ ಬರೆದ ಪಾಠದಲ್ಲಿ 1.58 ಇತ್ತು. ಕಿರಿಯ ಅಧ್ಯಾಪಕರ ಅಭ್ಯಾಸ ಹಾಳೆಯಲ್ಲಿ, ರಸಪ್ರಶ್ನೆಯ ಕೀ ಉತ್ತರದಲ್ಲಿ 1.41. ಕಾರಣ ಸಿದ್ಧಾಂತದ ಜಗಳವಲ್ಲ, ಇಬ್ಬರೂ ಬಳಸುತ್ತಿದ್ದ ತಂತ್ರಾಂಶ. ಪ್ರಾಧ್ಯಾಪಕಿ ಬಳಸುತ್ತಿದ್ದ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಸ್‌ಡಿ ಫಂಕ್ಷನ್ ತಾನಾಗಿಯೇ ಒಂದು ಕಡಿಮೆ ಮಾಡಿ ಭಾಗಿಸುತ್ತದೆ. ಕಿರಿಯರು ಬಳಸುತ್ತಿದ್ದ, ಪೈಥಾನ್ ಎಂಬ ಇನ್ನೊಂದು ಭಾಷೆಯ ಲೆಕ್ಕದ ಸಲಕರಣೆಯಾದ ನಂಪೈ, ಬೇರೆ ಹೇಳದ ಹೊರತು, ಪೂರ್ತಿ ಸಂಖ್ಯೆಯಿಂದಲೇ ಭಾಗಿಸುತ್ತದೆ. ಅದೇ ಪೈಥಾನಿನ ಇನ್ನೊಂದು ಸಲಕರಣೆ ಪಾಂಡಾಸ್ ಮತ್ತೆ ಒಂದು ಕಡಿಮೆ ಮಾಡುತ್ತದೆ. ಇಬ್ಬರೂ ಪರಿಣತರು, ಕಂಪ್ಯೂಟರ್ ಕೊಟ್ಟ ಉತ್ತರವನ್ನು ಮತ್ತೆ ಕೈಯಲ್ಲಿ ಮಾಡಿ ನೋಡುವ ಪ್ರಮೇಯ ಅವರಿಗೆ ಬಂದಿರಲಿಲ್ಲ.

ಕರಡು ಏಕಕಾಲಕ್ಕೆ ನಾಲ್ವರ ಬಳಿ ಪರಿಶೀಲನೆಗೆ ಹೋಗಿತ್ತು. ಸಂಪಾದಕರು ಭಾಷೆ ನೋಡಿದರು. ವಿನ್ಯಾಸಕಿ ಪಾಠದ ಕ್ರಮ ನೋಡಿದರು. ಪರಿಶೀಲಕರು ಚಿತ್ರಗಳ ವಿವರಣೆ ನೋಡಿದರು. ಪ್ರಾಧ್ಯಾಪಕಿ ತಾವು ಬರೆದ ಭಾಗ ಮಾತ್ರ ನೋಡಿದರು, ಪ್ರಶ್ನೆಗಳನ್ನು ಸಹೋದ್ಯೋಗಿ ನೋಡಿಕೊಂಡಿರುತ್ತಾರೆ ಎಂದು. ತಪ್ಪು ಸಿಕ್ಕಿದ್ದು ಪ್ರಯೋಗಕ್ಕೆಂದು ಘಟಕ ಓದಲು ಕೂತ ಇಬ್ಬರು ಹಿಂದಿನ ಬ್ಯಾಚಿನ ವಿದ್ಯಾರ್ಥಿಗಳಿಗೆ. ಪಾಠದಲ್ಲಿ ಹೇಳಿದಂತೆಯೇ ಲೆಕ್ಕ ಮಾಡಿ 1.58 ಬರೆದರು, ಎಲ್‌ಎಂಎಸ್ ಕೆಂಪು ಗುರುತು ಹಾಕಿತು.

ವಿನ್ಯಾಸಕಿ ಈ ಗೊಂದಲವನ್ನು ಎರಡು ಸಭೆಗಳಲ್ಲಿ ಎತ್ತಿದರು. ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಕಿರಿಯ ಅಧ್ಯಾಪಕರಿಗೆ ಹಿರಿಯರನ್ನು ಎಲ್ಲರೆದುರು ತಿದ್ದಲು ಸಂಕೋಚ. ಹಿರಿಯರಿಗೆ ಕಿರಿಯರು ಶ್ರಮಪಟ್ಟು ಮಾಡಿದ ಪ್ರಶ್ನೆ ಬ್ಯಾಂಕನ್ನು ಬದಲಿಸಿ ಎನ್ನಲು ಸಂಕೋಚ. ಮುಖ್ಯಸ್ಥರು ‘ನೀವಿಬ್ಬರೇ ಕೂತು ಮಾತಾಡಿಕೊಳ್ಳಿ’ ಎಂದರು. ಹೀಗೆ ಮೂರು ವಾರ ಹೋಯಿತು. ಅಷ್ಟರಲ್ಲಿ ವಿಡಿಯೊ ವಿಭಾಗದವರು, ಸ್ಟುಡಿಯೊ ಖಾಲಿ ಇದೆಯೆಂದು, ಘಟಕದ ಉಪನ್ಯಾಸವನ್ನು ರೆಕಾರ್ಡ್ ಮಾಡಿಯೂಬಿಟ್ಟಿದ್ದರು. ಅದರ ಸ್ಲೈಡ್‌ಗಳು ಕಿರಿಯರವು, ಅವುಗಳಲ್ಲಿ 5ರಿಂದ ಭಾಗಿಸಲಾಗಿತ್ತು. ಮಾತು ಸ್ಲೈಡಿನಂತೆಯೇ ಸಾಗಿತ್ತು.

ಒಂದು ಅಂಕಿ ಬದಲಾದರೆ

ಕರಡಿನಲ್ಲಿರುವಾಗ 5 ಅನ್ನು 4 ಮಾಡಲು ಹತ್ತು ನಿಮಿಷ ಸಾಕು. ರೆಕಾರ್ಡಿಂಗ್ ಆದ ಮೇಲೆ ಅದೇ ಬದಲಾವಣೆ ಎಂಟು ಕಡೆ ಆಗಬೇಕು: ಸ್ಲೈಡು, ಮಾತು, ಎಡಿಟ್ ಮಾಡಿದ ವಿಡಿಯೊ, ಸಬ್‌ಟೈಟಲ್ ಕಡತ, ಓದಲು ಕೊಡುವ ಮಾತಿನ ಬರಹರೂಪ, ಅಭ್ಯಾಸ ಹಾಳೆ, ರಸಪ್ರಶ್ನೆಯ ಕೀ, ತಪ್ಪು ಉತ್ತರಕ್ಕೆ ಬರುವ ಸೂಚನೆ. ಸ್ಟುಡಿಯೊ ಹೊಂದಿಸುವುದರಿಂದ ಹಿಡಿದು ಮತ್ತೆ ಅಪ್‌ಲೋಡ್ ಆಗುವ ತನಕ ಎಲ್ಲರ ಸಮಯ ಸೇರಿ ಎರಡೂವರೆ ದಿನ.

ಆದ್ದರಿಂದ ಕ್ಯಾಮೆರಾ ಆನ್ ಆಗುವ ಮೊದಲು ಸ್ಕ್ರಿಪ್ಟಿಗೆ ಸಹಿ ಬೀಳಬೇಕು. ಸ್ಟುಡಿಯೊ ಖಾಲಿ ಇರುವುದು ರೆಕಾರ್ಡ್ ಮಾಡಲು ಕಾರಣವಾಗಲಾರದು.

ಆ ಮೊದಲ ವಿಡಿಯೊ 38 ನಿಮಿಷದ್ದು. ತರಗತಿಯ ಉಪನ್ಯಾಸವನ್ನೇ ಕ್ಯಾಮೆರಾ ಮುಂದೆ ಒಪ್ಪಿಸಿದಂತಿತ್ತು. ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಬಂದ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದನ್ನು ನೋಡುತ್ತ ಕಳೆದ ಸಮಯದ ಮಧ್ಯಾಂಕ 6 ನಿಮಿಷ ದಾಟಿರಲಿಲ್ಲ. 6 ಎಂಬುದನ್ನು ಮಂತ್ರದಂತೆ ಹಿಡಿಯಬೇಕಿಲ್ಲ. ಒಂದು ವಿಡಿಯೊದಲ್ಲಿ ಒಂದೇ ವಿಚಾರ ಎಂದಿಟ್ಟುಕೊಂಡರೆ ಉದ್ದ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಎರಡನೇ ಸಲ ರೆಕಾರ್ಡ್ ಮಾಡುವಾಗ ಅದು ಐದು ತುಂಡಾಯಿತು: 7, 6, 5, 6, 4 ನಿಮಿಷ. ಒಟ್ಟು 28. ಕೈಬಿಟ್ಟ 10 ನಿಮಿಷದಲ್ಲಿ ಇದ್ದದ್ದು ಸ್ವಾಗತ, ಹಿಂದಿನ ಪಾಠದ ಪುನರಾವರ್ತನೆ, ಮತ್ತು ಬೋರ್ಡಿನ ಮೇಲೆ ಸಾಲುಸಾಲಾಗಿ ಬಿಡಿಸಿದ ಒಂದು ಲೆಕ್ಕ. ಲೆಕ್ಕ ಅಭ್ಯಾಸ ಹಾಳೆಗೆ ಹೋಯಿತು. ನೋಡಿ ಕಲಿಯುವುದಕ್ಕಿಂತ ಮಾಡಿ ಕಲಿಯುವಂಥದ್ದು ಅದು.

ವಿನ್ಯಾಸಕಿಗೆ ಏನು ಹೇಳುವ ಹಕ್ಕಿದೆ

ಬೋಧನಾ ವಿನ್ಯಾಸಕರ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಪಾಠವನ್ನು ಅಂದವಾಗಿ ಜೋಡಿಸುವವರು ಎಂಬುದು ಒಂದು; ವಿಷಯ ಗೊತ್ತಿಲ್ಲದೆ ಮೂಗು ತೂರಿಸುವವರು ಎಂಬುದು ಇನ್ನೊಂದು. ಈ ತಂಡದಲ್ಲಿ ಎರಡೂ ಇದ್ದವು. ಅವರ ನಿಜವಾದ ಕೆಲಸ ಏನೆಂಬುದಕ್ಕೆ ನಾಲ್ಕನೇ ಘಟಕ ಒಳ್ಳೆಯ ಉದಾಹರಣೆ.

ಆ ಘಟಕದ ಕಲಿಕಾ ಫಲ ಮೊದಲು ಹೀಗಿತ್ತು: ‘ವಿದ್ಯಾರ್ಥಿಯು ಸ್ಯಾಂಪಲ್ ಸರಾಸರಿಯ ಹಂಚಿಕೆಯನ್ನು ಅರ್ಥಮಾಡಿಕೊಳ್ಳುವನು.’ ಅರ್ಥವಾಯಿತೋ ಇಲ್ಲವೋ ಎಂದು ಯಾವ ಪ್ರಶ್ನೆಯಿಂದ ತಿಳಿಯುವುದು? ವಿನ್ಯಾಸಕಿ ತಜ್ಞರಿಗೆ ಕೇಳಿದ್ದು ಒಂದೇ ಮಾತು: ‘ಅರ್ಥವಾದವನು ಏನು ಮಾಡಬಲ್ಲ, ಆಗದವನು ಏನು ಮಾಡಲಾರ?’ ಅರ್ಧ ಗಂಟೆಯ ಮಾತಿನ ಮೇಲೆ ಬಂದದ್ದು: ‘ಸ್ಯಾಂಪಲ್ ಗಾತ್ರ ನಾಲ್ಕು ಪಟ್ಟಾದರೆ ಸರಾಸರಿಯ ಮಾನಕ ದೋಷ (ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಸರಾಸರಿ ಎಷ್ಟು ಆಚೀಚೆ ಆಗುತ್ತದೆ ಎಂಬುದರ ಅಳತೆ) ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ಕೊಟ್ಟ ದತ್ತಾಂಶದಲ್ಲಿ ಲೆಕ್ಕಹಾಕಿ ತೋರಿಸಿ, ಏಕೆಂದು ಎರಡು ವಾಕ್ಯದಲ್ಲಿ ವಿವರಿಸುವುದು.’ ಉತ್ತರದ ವಿಷಯ ಪೂರ್ತಿ ತಜ್ಞರದು, ವಿನ್ಯಾಸಕಿಯದು ಆ ಪ್ರಶ್ನೆ. ಫಲ, ಚಟುವಟಿಕೆ, ಪರೀಕ್ಷೆ ಮೂರೂ ಒಂದೇ ದಿಕ್ಕಿನಲ್ಲಿರಬೇಕು ಎಂಬ ಶಿಕ್ಷಣತಜ್ಞ ಜಾನ್ ಬಿಗ್ಸ್ ಅವರ ತತ್ವ ಕೆಲಸಕ್ಕಿಳಿಯುವುದು ಹೀಗೆ.

ಇನ್ನೊಂದು, ವಿದ್ಯಾರ್ಥಿಯ ಸಮಯದ ಲೆಕ್ಕ. ಕ್ರೆಡಿಟ್ಟಿಗೆ ಎಷ್ಟು ಗಂಟೆ ಎಂಬುದು ಪದ್ಧತಿಯಿಂದ ಪದ್ಧತಿಗೆ ಬೇರೆ. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನಲ್ಲಿ 25ರಿಂದ 30. ಅದರಂತೆ 6 ಕ್ರೆಡಿಟ್ಟಿನ ಈ ಕೋರ್ಸಿಗೆ 150ರಿಂದ 180 ಗಂಟೆ. ತಂಡ 160 ಎಂದು ಹಿಡಿದಿತ್ತು: ವಾರಕ್ಕೆ 12ರಂತೆ 144, ಪರೀಕ್ಷೆಯ ತಯಾರಿಗೆ 16. ನಾಲ್ಕನೇ ಘಟಕವನ್ನು ಎಣಿಸಿ ನೋಡಿದರೆ 95 ನಿಮಿಷದ ವಿಡಿಯೊ, ನಿಲ್ಲಿಸಿ ಟಿಪ್ಪಣಿ ಬರೆಯುವುದು ಸೇರಿ 2 ಗಂಟೆ 20 ನಿಮಿಷ, 46 ಪುಟ ಓದಲು ಸುಮಾರು 5 ಗಂಟೆ, ಅಭ್ಯಾಸಕ್ಕೆ 4, ರಸಪ್ರಶ್ನೆಗೆ 1, ಚರ್ಚಾ ವೇದಿಕೆಗೆ 2, ಟ್ಯೂಟರ್ ಜೊತೆ 1. ಹದಿನೈದು ಗಂಟೆ ದಾಟಿತು. ‘ಅಷ್ಟನ್ನೂ ಓದಲೇಬೇಕು’ ಎಂಬ ವಾದ ಇದ್ದದ್ದೇ. ಓದದ 46 ಪುಟಕ್ಕಿಂತ ಓದುವ 24 ಪುಟ ಮೇಲು ಎಂದು ಒಪ್ಪಿಸಲು ಇನ್ನೊಂದು ಸಭೆ ಬೇಕಾಯಿತು. 24 ಪುಟಕ್ಕೆ ಎರಡೂವರೆ ಗಂಟೆ, ಆ ವಾರ ಚರ್ಚೆಗೆ ರಜೆ: 10 ಗಂಟೆ 50 ನಿಮಿಷಕ್ಕೆ ಇಳಿಯಿತು. ಯಾವ 22 ಪುಟ ಹೋಗಬೇಕು ಎಂಬುದನ್ನು ತಜ್ಞರೇ ಆರಿಸಿದರು. ಗಡಿ ಇರುವುದು ಅಲ್ಲೇ: ಕತ್ತರಿಸಬೇಕು ಎನ್ನುವುದು ವಿನ್ಯಾಸಕಿಯ ಹಕ್ಕು, ಏನನ್ನು ಎನ್ನುವುದು ತಜ್ಞರದು.

ಕೊನೆಯ ಸಹಿಯ ಹಾಳೆ

ಹತ್ತನೇ ವಾರ ಹೊಸ ಕರಡು ಯಾವುದೂ ಬರೆಯಲಿಲ್ಲ. ಬದಲಿಗೆ ಒಂದು ಪುಟದ ಹಾಳೆ ತಯಾರಾಯಿತು. ಯೋಜನಾ ನಿರ್ವಹಣೆಯವರು ಆರ್‌ಎಸಿಐ ಎನ್ನುವ ಪಟ್ಟಿಯ ಸರಳ ರೂಪ: ಪ್ರತಿ ಸಾಲಿಗೆ ಮಾಡುವವರು ಎಷ್ಟೇ ಇರಲಿ, ಹೊಣೆ ಹೊತ್ತು ಸಹಿ ಹಾಕುವವರು ಒಬ್ಬರೇ. ಒಬ್ಬರೇ ಎರಡು ಪಾತ್ರ ವಹಿಸಬಹುದು. ಒಂದು ತೀರ್ಮಾನ ಮಾತ್ರ ಇಬ್ಬರದಾಗಕೂಡದು.

ವಿಷಯದ ಸರಿತಪ್ಪು, ಸಂಕೇತ, ಪರಿಭಾಷೆ: ಪ್ರಾಧ್ಯಾಪಕಿ. ಅವರನ್ನೇ ಕೋರ್ಸಿನ ಮುಖ್ಯಸ್ಥರೆಂದು ಬರವಣಿಗೆಯಲ್ಲಿ ಘೋಷಿಸಿದ್ದು ಆಗಲೇ.
ಪಾಠದ ಕ್ರಮ, ವಿದ್ಯಾರ್ಥಿಯ ಸಮಯ: ವಿನ್ಯಾಸಕಿ.
ಪ್ರಶ್ನೆಗಳ ಕೀ ಉತ್ತರ: ಕಿರಿಯ ಅಧ್ಯಾಪಕರು. ಷರತ್ತು ಒಂದು, ಪ್ರಶ್ನೆ ಬರೆದವರಲ್ಲದ ಇನ್ನೊಬ್ಬರು ಕೀ ನೋಡದೆ ಬಿಡಿಸಿರಬೇಕು.
ಭಾಷೆ: ಸಂಪಾದಕರು. ವ್ಯಾಖ್ಯೆಗಳನ್ನು ಮಾತ್ರ ಕೇಳದೆ ಮುಟ್ಟುವಂತಿಲ್ಲ. ‘ಸಾರ್ಥಕ’ ಎಂಬ ಮಾತಿಗೆ ಸಂಖ್ಯಾಶಾಸ್ತ್ರದಲ್ಲಿ ಬೇರೆಯೇ ಅರ್ಥವಿದೆ, ಓದಲು ಚೆನ್ನಾಗಿದೆಯೆಂದು ‘ಮಹತ್ವದ’ ಎಂದು ತಿದ್ದಿದರೆ ಪಾಠವೇ ತಪ್ಪಾಗುತ್ತದೆ.
ಪರವಾನಗಿ: ಗ್ರಂಥಪಾಲಕಿ. ಇವರ ‘ಇಲ್ಲ’ಕ್ಕೆ ಮೇಲ್ಮನವಿ ಇಲ್ಲ.
ಎಲ್‌ಎಂಎಸ್‌ನಲ್ಲಿ ಪ್ರಕಟಣೆ: ನಿರ್ವಾಹಕರು. ತಿದ್ದುವ ಹಕ್ಕು ಅವರಿಗೆ ಮಾತ್ರ. ಉಳಿದವರಿಗೆ ಟಿಪ್ಪಣಿ ಬರೆಯುವ ಹಕ್ಕು.
ಗಡುವು: ಸಂಯೋಜಕರು.

ಈ ಹಾಳೆ ಬಂದ ಮಾರನೆಯ ದಿನ ಮಾನಕ ವಿಚಲನೆಯ ವಿವಾದ ಇಪ್ಪತ್ತು ನಿಮಿಷದಲ್ಲಿ ತೀರಿತು. ಕೋರ್ಸಿನುದ್ದಕ್ಕೂ ಸ್ಯಾಂಪಲ್ ಸೂತ್ರವೇ; ನಂಪೈ ಬಳಸುವಲ್ಲಿ, ಒಂದು ಕಡಿಮೆ ಮಾಡಿ ಭಾಗಿಸಲು, ‘ಡಿಡಿಒಎಫ್ = 1’ ಎಂದು ಕೊಡಬೇಕೆಂಬ ಸೂಚನೆ ಹಾಳೆಯಲ್ಲೇ. ರಸಪ್ರಶ್ನೆಯಲ್ಲಿ 1.58 ಸರಿ, ಆಚೀಚೆ 0.01ರ ವಿನಾಯಿತಿ. 1.41 ಬರೆದವರಿಗೆ ಬರೀ ಕೆಂಪು ಗುರುತಲ್ಲ, ಅರ್ಧ ಅಂಕ ಮತ್ತು ಒಂದು ಸಾಲು: ‘ನೀವು 5ರಿಂದ ಭಾಗಿಸಿದ್ದೀರಿ, ಈ ಐದು ಸಂಖ್ಯೆಗಳು ಇಡೀ ಸಮಷ್ಟಿಯೋ, ಸ್ಯಾಂಪಲ್ಲೋ?’ ಮೂಡಲ್‌ನಂಥ ಎಲ್‌ಎಂಎಸ್‌ಗಳಲ್ಲಿ ಸಂಖ್ಯಾ ಪ್ರಶ್ನೆಗೆ ಹೀಗೆ ಒಂದಕ್ಕಿಂತ ಹೆಚ್ಚು ಉತ್ತರ, ಪ್ರತಿಯೊಂದಕ್ಕೂ ಬೇರೆ ಅಂಕ, ಬೇರೆ ಸೂಚನೆ ಇಡಬಹುದು. ತಂಡದ ಒಳಗಿನ ತಪ್ಪೇ ಒಳ್ಳೆಯ ಪ್ರಶ್ನೆಯಾಯಿತು.

ಜೊತೆಗೆ ಎರಡು ಪುಟದ ಸಂಕೇತ ಪಟ್ಟಿ ಸಿದ್ಧವಾಯಿತು: ಯಾವುದಕ್ಕೆ ಯಾವ ಅಕ್ಷರ, ದಶಮಾಂಶ ಎಷ್ಟು ಸ್ಥಾನ, ಯಾವ ಪದಕ್ಕೆ ಯಾವ ಅನುವಾದ. ಎರಡನೇ ವಾರದಲ್ಲೇ ಆಗಬೇಕಿದ್ದ ಕೆಲಸ ಹನ್ನೊಂದನೇ ವಾರಕ್ಕೆ ಆಯಿತು.

ಗ್ರಂಥಪಾಲಕಿ, ಪರಿಶೀಲಕರು

ಇವರಿಬ್ಬರನ್ನು ಕೊನೆಗೆ ಕರೆದರೆ ಅವರು ಅಡ್ಡಗಾಲು ಹಾಕುವವರಂತೆ ಕಾಣುತ್ತಾರೆ. ಮೂರನೇ ಘಟಕದಲ್ಲಿ ಒಂದು ಮುಕ್ತ ಪಠ್ಯದಿಂದ ತೆಗೆದ ಭಾಗವನ್ನು ಇನ್ನೊಂದರ ಜೊತೆ ಹೆಣೆದು ಒಂದೇ ಅಧ್ಯಾಯ ಮಾಡಿದ್ದರು. ಮೊದಲನೆಯದರ ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ, ಎರಡನೆಯದರದು ವಾಣಿಜ್ಯ ಬಳಕೆ ಕೂಡದು ಎಂಬ ಷರತ್ತೂ ಇರುವ ಬಿವೈ-ಎನ್‌ಸಿ-ಎಸ್‌ಎ. ಎರಡೂ ‘ನನ್ನಿಂದ ಹುಟ್ಟಿದ್ದು ನನ್ನ ಷರತ್ತಿನಲ್ಲೇ ಹೊರಬರಬೇಕು’ ಎನ್ನುತ್ತವೆ. ಷರತ್ತುಗಳು ಬೇರೆ ಬೇರೆಯಾದ್ದರಿಂದ ಎರಡನ್ನೂ ಬೆರೆಸಿದ ಒಂದು ಕೃತಿ ಹೊರಬರುವ ದಾರಿಯೇ ಇಲ್ಲ. ‘ಮುಕ್ತ ಪರವಾನಗಿ ಅಲ್ಲವೇ’ ಎಂಬ ಪ್ರಶ್ನೆಗೆ ಉತ್ತರ ಅಷ್ಟೆ. ಅಧ್ಯಾಯವನ್ನು ಬಿಡಿಸಿ ಎರಡು ಪ್ರತ್ಯೇಕ ಓದುಗಳಾಗಿ ಕೊಡಬೇಕಾಯಿತು.

ಪರಿಶೀಲಕರು ಹಿಡಿದದ್ದು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನು. ಅವು ಬರೀ ಚಿತ್ರಗಳು, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅಲ್ಲಿ ಒಂದಕ್ಷರವೂ ಕಾಣದು. ಹಿಡಿದ ಇನ್ನೊಂದು, ಬಿಳಿಯ ಮೇಲೆ ತಿಳಿಬೂದು ಅಕ್ಷರ; ವೆಬ್ ಪುಟಗಳ ಪ್ರವೇಶಸಾಧ್ಯತೆಯ ಮಾನದಂಡವಾದ ಡಬ್ಲ್ಯುಸಿಎಜಿಯ ಎಎ ಮಟ್ಟಕ್ಕೆ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು. ‘ಕೆಂಪು ಗೆರೆ ನೋಡಿ, ಹಸಿರು ಗೆರೆ ನೋಡಿ’ ಎನ್ನುವ ನಕ್ಷೆಗಳಿಗೆ ಚುಕ್ಕೆ ಗೆರೆ, ತುಂಡು ಗೆರೆಗಳೂ ಸೇರಿದವು. ಇವು ಮೊದಲೇ ಗೊತ್ತಿದ್ದರೆ ಮಾದರಿ ಸ್ಲೈಡಿನಲ್ಲೇ ಮುಗಿಯುವ ಕೆಲಸ.

ಉಳಿದ ವಾರಗಳು

ಕೊರತೆಯ ಗಂಟೆಗಳನ್ನು ಎರಡು ಕಡೆಯಿಂದ ಹೊಂದಿಸಿದರು. 5ರಿಂದ 12ರವರೆಗಿನ ಎಂಟು ಘಟಕಗಳ ಪ್ರಶ್ನೆ ಬರೆಯುವ ಕೆಲಸ ಇಬ್ಬರು ಟ್ಯೂಟರುಗಳಿಗೆ ಹೋಯಿತು: 48 ಗಂಟೆ ಇಳಿದು, ಪರಿಶೀಲನೆಗೆಂದು 8 ಮರಳಿ ಬಂತು. 9ರಿಂದ 12ರ ಘಟಕಗಳಿಗೆ ವಿಡಿಯೊವನ್ನೇ ಕೈಬಿಟ್ಟು, ಬಿಡಿಸಿದ ಲೆಕ್ಕಗಳನ್ನು ಪುಟದ ಮೇಲೆ ಕೊಟ್ಟರು. ಸ್ಕ್ರಿಪ್ಟಿನ 4, ರೆಕಾರ್ಡಿಂಗಿನ 3, ಘಟಕಕ್ಕೆ ಏಳರಂತೆ 28 ಗಂಟೆ ಉಳಿಯಿತು. ವಿಡಿಯೊ ವಿಭಾಗಕ್ಕೆ ಬೇಸರವಾಯಿತು. ಟ್ಯೂಟರುಗಳು ಬರೆದ ತಪ್ಪು ಆಯ್ಕೆಗಳು ಮಾತ್ರ ತಜ್ಞರು ಬರೆದವುಗಳಿಗಿಂತ ಎಷ್ಟೋ ಚುರುಕಾಗಿದ್ದವು, ವಿದ್ಯಾರ್ಥಿಗಳು ನಿಜವಾಗಿ ಮಾಡುವ ತಪ್ಪುಗಳೇ ಅಲ್ಲಿದ್ದವು.

ಕೋರ್ಸ್ ನಿಗದಿಯಾದ ದಿನವೇ ತೆರೆಯಿತು, ಕೊನೆಯ ಎರಡು ಘಟಕ ಬಾಕಿ ಇಟ್ಟುಕೊಂಡು. ಅವು ಮೂರನೇ ವಾರದಲ್ಲಿ ಮುಗಿದವು. ಇದನ್ನು ಜಾಣತನ ಎನ್ನಲಾಗದು: ಪಾಠ ನಡೆಯುತ್ತಿರುವಾಗ ಬರೆಯುತ್ತಿದ್ದ ತಜ್ಞರೇ ವಿದ್ಯಾರ್ಥಿಗಳ ಪ್ರಶ್ನೆಗೂ ಉತ್ತರಿಸಬೇಕಿತ್ತು, ಒಬ್ಬರಿಗೆ ಜ್ವರ ಬಂದಿದ್ದರೆ ಎರಡೂ ನಿಲ್ಲುತ್ತಿದ್ದವು.

ಎರಡನೇ ವಾರದಲ್ಲಿ ಒಬ್ಬ ವಿದ್ಯಾರ್ಥಿನಿಯ ದೂರು ಬಂತು. ಕಿವಿ ಕೇಳಿಸದ ಆಕೆ ಸಬ್‌ಟೈಟಲ್ ಓದಿ ಪಾಠ ಕಲಿಯುವವಳು. ರಸಪ್ರಶ್ನೆಯಲ್ಲಿ 1.41 ಬರೆದು ಅರ್ಧ ಅಂಕ ಪಡೆದಿದ್ದಳು. ತೆರೆದು ನೋಡಿದರೆ ಸ್ಲೈಡಿನಲ್ಲಿ 4, ಮಾತಿನಲ್ಲಿ 4, ಬರಹರೂಪದಲ್ಲಿ 4. ಸಬ್‌ಟೈಟಲ್ಲಿನಲ್ಲಿ ಮಾತ್ರ ‘ಈಗ ಐದರಿಂದ ಭಾಗಿಸೋಣ’. ಪರಿಶೀಲಕರು ಸಬ್‌ಟೈಟಲ್ ನೋಡಿದ್ದು ಮೊದಲ ರೆಕಾರ್ಡಿಂಗಿನ ಸಮಯದಲ್ಲಿ. ಮರು ರೆಕಾರ್ಡಿಂಗ್ ಆದಾಗ ವಿಡಿಯೊದವರು ಆ ವಾಕ್ಯದ ಸಮಯವನ್ನು ಹೊಂದಿಸಿದ್ದರು, ಮಾತನ್ನು ಹೊಂದಿಸಿರಲಿಲ್ಲ. ಹಾಳೆಯಲ್ಲಿ ಸಬ್‌ಟೈಟಲ್ಲಿಗೆಂದು ಸಾಲೇ ಇರಲಿಲ್ಲ. ಆಕೆಗೆ ಉಳಿದ ಅರ್ಧ ಅಂಕ ಕೊಟ್ಟರು, ಕಡತ ಅದೇ ದಿನ ತಿದ್ದಿದರು, ಹಾಳೆಗೆ ಎಂಟನೇ ಸಾಲು ಸೇರಿಸಿದರು: ‘ಸಬ್‌ಟೈಟಲ್, ಪ್ರತಿ ಮರು ರೆಕಾರ್ಡಿಂಗಿನ ನಂತರ: ಪರಿಶೀಲಕರು.’